ಕರೆಂಟಣ್ಣನ ಕೊನೆಯ ಗಾಡಿ

ಇಪ್ಪತ್ತೆರಡನೆಯ ಸಲ ತುಳಿದಾಗ ಅಧ್ಯಕ್ಷರ ಬೂಟು ಜಾರಿತು. ಕಿಕ್ಕರ್ ಹಿಂದಕ್ಕೆ ಹಾರಿ ಅವರ ಮೊಣಕಾಲಿನ ಕೆಳಗೆ ಮೂಳೆಗೇ ಬಡಿಯಿತು. ಬೈಗುಳವೊಂದು ಬಾಯಿ ತುದಿಗೆ ಬಂತು. ಪಕ್ಕದಲ್ಲಿ ಹೆಣವಿದೆ ಎಂಬುದು ನೆನಪಾಗಿ ಅದನ್ನು ನುಂಗಿಕೊಂಡರು.

ಹೆಣ ನಿಜಕ್ಕೂ ಪಕ್ಕದಲ್ಲೇ ಇತ್ತು. ಹಳೆಯ ಮೋಟಾರ್‌ಸೈಕಲ್ಲಿನ ಸೈಡ್‌ಕಾರಿನಿಂದ ಸೀಟು ತೆಗೆಸಿ, ಅಲ್ಲಿ ಹಲಗೆ ಕೂರಿಸಿ, ಹಲಗೆಯ ಮೇಲೆ ಪೆಟ್ಟಿಗೆಯನ್ನಿಟ್ಟು ಎರಡು ಬೆಲ್ಟುಗಳಿಂದ ಬಿಗಿದಿದ್ದರು. ಪೆಟ್ಟಿಗೆಯೊಳಗೆ, ಊರಿಗೆಲ್ಲ ಕರೆಂಟಣ್ಣ ಎಂದೇ ಗೊತ್ತಿದ್ದ, ಹಳೆಯ ಮೋಟಾರ್‌ಸೈಕಲ್ಲುಗಳ ವೈರಿಂಗ್ ಬಿಟ್ಟರೆ ಬೇರೆ ಯಾವ ಕೆಲಸಕ್ಕೂ ಕೈ ಹಾಕದ, ಎಪ್ಪತ್ತಮೂರು ವರ್ಷದ ಮನುಷ್ಯ ಮಲಗಿದ್ದ. ಹಳೇ ಗಾಡಿಗಳ ಕ್ಲಬ್ಬಿನವರು ತಾವಾಗಿಯೇ ಬಂದು, ನಮ್ಮ ಗುರುಗಳನ್ನು ಮುನಿಸಿಪಾಲಿಟಿ ವ್ಯಾನಿನಲ್ಲಿ ಕಳಿಸುವುದೇ, ಛೆ, ಅವರೇ ಜೀವ ಕೊಟ್ಟ ಗಾಡಿಯಲ್ಲಿ ಕರೆದೊಯ್ಯುತ್ತೇವೆ ಎಂದಿದ್ದರು. ಆ ಗಾಡಿಯನ್ನು ಬೆಳಿಗ್ಗೆ ಕಾರಿನ ಹಿಂದೆ ಟ್ರೇಲರಿನಲ್ಲಿ ಹೇರಿಕೊಂಡು ಬಂದಿದ್ದರು. ಈಗ ಅದು ಸತ್ತವನಿಗಿಂತ ಹೆಚ್ಚು ಸತ್ತಂತೆ ನಿಂತಿತ್ತು.

"ಕರೆಂಟು ಹೋಯ್ತಲ್ಲಪ್ಪ, ಇನ್ನೆಲ್ಲಿ ಸ್ಟಾರ್ಟ್ ಆಗುತ್ತೆ?" ಎಂದು ಹಿಂದಿನಿಂದ ಯಾರೋ ಅಂದರು. ಚರ್ಮದ ಕೋಟುಗಳ ನಡುವೆ ಮೂಗಿನಲ್ಲೇ ನಕ್ಕ ಸದ್ದು ಕೇಳಿಸಿತು.

ಪುಟ್ಟಿ ಗೇಟಿಗೆ ಒರಗಿ ನಿಂತಿದ್ದಳು. ನಲವತ್ತೊಂದು ವರ್ಷವಾಗಿ, ಬೈತಲೆಯ ಎರಡೂ ಕಡೆ ಬಿಳಿಗೂದಲು ಇಳಿದಿದ್ದರೂ ಅವಳು ಎಲ್ಲರ ಬಾಯಲ್ಲೂ ಪುಟ್ಟಿಯೇ, ಕರೆಂಟಣ್ಣನ ಮಗಳು ಪುಟ್ಟಿ. ಅಧ್ಯಕ್ಷರು ಪೂಸಿಕೊಂಡಿದ್ದ ಸೆಂಟು, ಬಿಸಿಲಿಗೆ ಬೆವೆತ ಚರ್ಮದ ಕೋಟುಗಳು, ಬಾಡುತ್ತಿದ್ದ ಹೂವಿನ ಚಕ್ರಗಳು, ಎಲ್ಲವೂ ಸೇರಿ ಒಂದೇ ವಾಸನೆಯಾಗಿ ಗಂಟಲಿಗೆ ಅಂಟಿಕೊಂಡಿತ್ತು. ಪಕ್ಕದಲ್ಲಿ ಚಿಕ್ಕಪ್ಪ, ಸತ್ತವನ ಒಬ್ಬನೇ ತಮ್ಮ, ನೆನೆದು ಮುದ್ದೆಯಾದ ಕರವಸ್ತ್ರದಲ್ಲಿ ಮೂಗು ಸೀಟಿ, ಸೀಟಿದ್ದನ್ನು ಬಿಡಿಸಿ ನೋಡಿ, ಮತ್ತೆ ಮಡಚುತ್ತಿದ್ದ.

"ಸ್ಮಶಾನದಲ್ಲಿ ಹನ್ನೊಂದೂವರೆಗೆ ನಮ್ಮ ಸರದಿ ಪುಟ್ಟಿ. ತಪ್ಪಿದ್ರೆ ನಾಲ್ಕು ಗಂಟೆ ಮೇಲೇನೇ ಅಂತೆ. ಅಲ್ಲೀವರೆಗೂ ಈ ಬಿಸಿಲಲ್ಲಿ ಹೇಗೆ ಇಟ್ಕೊಳೋದು?"

ಹತ್ತೂವರೆ ಆಗಿತ್ತು. ಪುಟ್ಟಿಯ ಕಣ್ಣು ಹೆಡ್‌ಲೈಟಿನ ಮೇಲಿದ್ದ ಕರೆಂಟಿನ ಹರಿವು ತೋರಿಸುವ, ಪುಟ್ಟ ಗಡಿಯಾರದಂಥ ಮುಖದ ಮೇಲಿತ್ತು. ಕೀಲಿ ತಿರುಗಿಸಿದ ಕೂಡಲೇ ಅದರ ಮುಳ್ಳು ಎಡಕ್ಕೆ ಒಂದು ಕೂದಲಿನಷ್ಟಾದರೂ ವಾಲಬೇಕು. ಅಧ್ಯಕ್ಷರು ಇಪ್ಪತ್ತೆರಡು ಸಲ ತುಳಿದಿದ್ದರು, ಮುಳ್ಳು ಇಪ್ಪತ್ತೆರಡು ಸಲವೂ ಕದಲಿರಲಿಲ್ಲ. ಪೆಟ್ರೋಲಿನ ತೊಂದರೆಯಲ್ಲ ಎಂಬುದು ಎರಡನೆಯ ತುಳಿತಕ್ಕೇ ಅವಳಿಗೆ ಗೊತ್ತಾಗಿತ್ತು. ಅಲ್ಲಿ ನೆರೆದಿದ್ದ ಇಪ್ಪತ್ತು ಜನರಲ್ಲಿ ಒಬ್ಬನಾದರೂ ಆ ಮುಳ್ಳಿನ ಕಡೆ ನೋಡುತ್ತಾನೋ ಎಂದು ಕಾದಳು. ಒಬ್ಬರೂ ನೋಡಲಿಲ್ಲ. ಎಲ್ಲರೂ ಫೋನುಗಳನ್ನು ಎತ್ತಿ ಹಿಡಿದಿದ್ದರು.

ಬಾಯಿ ಬಿಟ್ಟು ಹೇಳಲು ಒಂದು ಮಾತು ಸಾಕಿತ್ತು. ಅವಳು ಹೇಳಲಿಲ್ಲ.

*

ಏಳು ವರ್ಷದ ಹಿಂದೆ, ಗಂಡನ ಮನೆ ಸಾಕೆಂದು ಒಂದೇ ಸೂಟ್‌ಕೇಸಿನೊಂದಿಗೆ ಬಂದಾಗ, ಅವಳು ಹಿಡಿದ ಮೊದಲ ಗುಟ್ಟು ಅಪ್ಪನಿಗೆ ಕಣ್ಣು ಕಾಣಿಸುತ್ತಿಲ್ಲ ಎಂಬುದು. ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದು ಹಾಕಿತ್ತು. ಅಪ್ಪ ಅದನ್ನು ಯಾರಿಗೂ ಹೇಳಿರಲಿಲ್ಲ. ಗಿರಾಕಿ ಬಂದರೆ ಸದ್ದಿನ ಮೇಲೆ ಗುರುತು ಹಿಡಿದು "ಬನ್ನಿ, ಬನ್ನಿ" ಅನ್ನುತ್ತಿದ್ದ. ಗಾಡಿ ಬಂದರೆ ಸುತ್ತಲೂ ಕೈಯಾಡಿಸುತ್ತಿದ್ದ. ಕೆಂಪು ವೈರಿಗೂ ಹಸಿರು ವೈರಿಗೂ ವ್ಯತ್ಯಾಸ ಕಾಣದ ಮನುಷ್ಯ ನಾಲಿಗೆಯಿಂದ ಕೆಲಸ ಮಾಡುತ್ತಿದ್ದ.

ನಾಲಿಗೆಯಿಂದಲೇ. ವೈರಿನ ತುದಿಯ ಸಿಪ್ಪೆ ಸುಲಿದು, ಒಂದು ಕೈಯಲ್ಲಿ ಗಾಡಿಯ ಕಬ್ಬಿಣ ಹಿಡಿದು, ವೈರನ್ನು ನಾಲಿಗೆಗೆ ಮುಟ್ಟಿಸುವುದು. ಚುರ್ ಅಂದರೆ ಕರೆಂಟಿದೆ. ಆರು ವೋಲ್ಟಿನ ಗಾಡಿಗಳು, ಪ್ರಾಣಕ್ಕೇನೂ ಆಗದು. ಆದರೆ ಆ ವೈರುಗಳ ಮೇಲೆ ಐವತ್ತು ವರ್ಷದ ಗ್ರೀಸು, ಇಲಿಯ ಉಚ್ಚೆ, ಬ್ಯಾಟರಿಯ ಆಸಿಡ್ಡು ಎಲ್ಲ ಇರುತ್ತಿತ್ತು. ಅಪ್ಪ ನೆಕ್ಕಿ, ಕರಿ ಉಗುಳನ್ನು ತಗಡಿನ ಡಬ್ಬಕ್ಕೆ ಉಗುಳಿ, ಬಾಯಿ ಒರೆಸಿಕೊಂಡು ಅದೇ ಕೈಯಲ್ಲಿ ಬ್ರೆಡ್ಡು ಮುರಿದು ತಿನ್ನುತ್ತಿದ್ದ. ಮೊದಲ ಸಲ ನೋಡಿದ ದಿನ ಪುಟ್ಟಿ ಹಿತ್ತಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡಿದ್ದಳು.

"ಅಷ್ಟು ಹೇಸಿಗೆ ಆದ್ರೆ ನೀನೇ ನನ್ನ ಕಣ್ಣಾಗು" ಅಂದಿದ್ದ ಅಪ್ಪ. ಅದು ಬೇಡಿಕೆಯೋ ಬೈಗುಳವೋ ಅವಳಿಗೆ ತಿಳಿಯಲಿಲ್ಲ. ಮಾರನೆಯ ದಿನವೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕುಳಿತಳು. ಅಮ್ಮ ತೀರಿಕೊಂಡು ಹತ್ತು ವರ್ಷವಾಗಿದ್ದ ಆ ಮನೆಯಲ್ಲಿ ಅವಳಿಗೆ ಮಾಡಲು ಬೇರೆ ಕೆಲಸವೂ ಇರಲಿಲ್ಲ.

ಅಪ್ಪ ಒಳ್ಳೆಯ ಗುರು. ಇದನ್ನು ಅವಳು ಇಲ್ಲವೆನ್ನಲಾರಳು. ಗದರುತ್ತಿರಲಿಲ್ಲ, ಅವಸರ ಮಾಡುತ್ತಿರಲಿಲ್ಲ. ಅವಳ ಬೆರಳುಗಳ ಮೇಲೆ ತನ್ನ ಬೆರಳಿಟ್ಟು, ಬೆಸುಗೆಯ ಸೀಸ ಹರಿಯುವ ಕ್ಷಣವನ್ನು ಸದ್ದಿನಲ್ಲೇ ಹಿಡಿದು "ಈಗ ಎತ್ತು" ಅನ್ನುತ್ತಿದ್ದ. ಎರಡು ವರ್ಷದಲ್ಲಿ ಅವಳು ಒಂದು ಇಡೀ ಗಾಡಿಯ ವೈರಿಂಗನ್ನು ಬರಿ ಚಾಸಿಯಿಂದ ಶುರು ಮಾಡಿ ಮುಗಿಸುವಷ್ಟಾದಳು. ಒಂದೊಂದು ಗಾಡಿಯ ನಕ್ಷೆಯನ್ನೂ ರೂಲ್ಡ್ ನೋಟ್‌ಬುಕ್ಕಿನಲ್ಲಿ ಬಣ್ಣದ ಪೆನ್ಸಿಲಿನಿಂದ ಬರೆದಿಟ್ಟಳು.

ಆಮೇಲೆ ಒಂದು ಹಳೆಯ ಮಿಲಿಟರಿ ಗಾಡಿ ಬಂತು. ಹೆಡ್‌ಲೈಟು ಹತ್ತದು. ಅಪ್ಪ ಮೂರು ದಿನ ವೈರುಗಳನ್ನು ನೆಕ್ಕಿ ನೆಕ್ಕಿ, "ಎಲ್ಲಾ ಕಡೆ ಕರೆಂಟು ಬರ್ತಾ ಇದೆ, ಸ್ವಿಚ್ಚೇ ಹಾಳಾಗಿರಬೇಕು" ಅಂದ. ಸ್ವಿಚ್ಚು ಹಾಳಾಗಿರಲಿಲ್ಲ. ಪುಟ್ಟಿ ಒಂದು ಹಳೆಯ ಬಲ್ಬಿಗೆ ಎರಡು ವೈರು ಬೆಸೆದು ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತ ಹೋದಳು. ಹೆಡ್‌ಲೈಟಿನ ಡೂಮಿನೊಳಗಿನ ಒಂದು ಗಂಟಿನವರೆಗೆ ಬಲ್ಬು ಉರಿಯಿತು, ಗಂಟಿನಾಚೆ ಸತ್ತಿತು. ಟೇಪು ಬಿಚ್ಚಿದರೆ ತಾಮ್ರವೆಲ್ಲ ಹಸಿರು ಪುಡಿಯಾಗಿ ಒಂದೇ ಒಂದು ಎಳೆ ಉಳಿದಿತ್ತು. ಆ ಒಂದು ಎಳೆಯಲ್ಲಿ ನಾಲಿಗೆಗೆ ಸಾಕಾಗುವಷ್ಟು ಕರೆಂಟು ಬರುತ್ತದೆ, ಬಲ್ಬು ಉರಿಯುವಷ್ಟು ಬರುವುದಿಲ್ಲ.

ಅಪ್ಪ ಆ ಎಳೆಯನ್ನು ಬೆರಳ ತುದಿಯಲ್ಲಿ ಬಹಳ ಹೊತ್ತು ಸವರಿದ. ಸಂಜೆ ಗಾಡಿಯ ಯಜಮಾನ ಬಂದಾಗ ಅಂದ: "ಒಂದೇ ಒಂದು ಎಳೆ ಉಳಿದಿತ್ತು ನೋಡಿ. ಮೂರು ದಿನ ಹಿಡೀತು, ಬಿಡಲಿಲ್ಲ ನಾನು."

ಪುಟ್ಟಿ ಟೀ ಲೋಟಗಳ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಯಜಮಾನ ಲೋಟ ಎತ್ತಿಕೊಳ್ಳುತ್ತ, ಅವಳ ಕಡೆ ನೋಡದೆಯೇ, "ಸಕ್ಕರೆ ಕಡಿಮೆ ಇದೆ ತಾನೆ?" ಎಂದು ಕೇಳಿದ.

*

"ಆರು ಪಾಯಿಂಟ್ ಮೂರು!" ಎಂದು ಈಗ ಕ್ಲಬ್ಬಿನ ಮೀಟರಿನವನು ಕೂಗಿದ. ಎರಡು ಕಡ್ಡಿಗಳಿದ್ದ ಹಳದಿ ಮೀಟರು ಅವನ ಕೈಯಲ್ಲಿ ಹೊಸ ವಾಚಿನಂತೆ ಹೊಳೆಯುತ್ತಿತ್ತು. ಒಂದು ಕಡ್ಡಿಯನ್ನು ಬ್ಯಾಟರಿಗೂ ಇನ್ನೊಂದನ್ನು ಗಾಡಿಯ ಕಬ್ಬಿಣಕ್ಕೂ ಚುಚ್ಚಿದ್ದ. "ಬ್ಯಾಟರಿ ಫಸ್ಟ್ ಕ್ಲಾಸ್, ಎಲ್ಲಾ ಫಸ್ಟ್ ಕ್ಲಾಸ್. ಕಿಡಿ ಕೊಡೋ ಕಾಯಿಲ್ ಹೋಗಿರಬೇಕು."

"ಕಾಯಿಲ್ ಹೋಗೋದಾ? ಗುರುಗಳು ಹಾಕಿದ ಕಾಯಿಲ್!" ಅಧ್ಯಕ್ಷರು ಕೋಟಿನ ಜಿಪ್ಪು ಇಳಿಸಿದರು. ಹೊಟ್ಟೆ ಹೊರಬಂತು. ಕಾಯುವ ಹೊತ್ತು ದಂಡವಾಗಬಾರದೆಂದು ಅವರು ಫೋನುಗಳ ಕಡೆ ತಿರುಗಿ ಮಾತಿಗೇ ಶುರು ಮಾಡಿಬಿಟ್ಟರು. "ಸ್ನೇಹಿತರೇ, ಈ ಗಾಡಿ ಎರಡು ವರ್ಷದ ಹಿಂದೆ ಗುಜರಿ ಆಗಿತ್ತು. ಗುರುಗಳು ಒಬ್ಬರೇ, ಈ ವಯಸ್ಸಲ್ಲಿ, ಮೊಳೆಯಷ್ಟು ಸಣ್ಣ ಬೆಸುಗೆ ಹಾಕಿ ಇಡೀ ವೈರಿಂಗ್ ಮಾಡಿದರು. ಕಣ್ಣು ಮುಚ್ಚಿಕೊಂಡು ಮಾಡೋರು ಕೆಲಸನ. ಆ ಕೈಗುಣ ಇನ್ನು ಹುಟ್ಟಲ್ಲ."

ಕಣ್ಣು ಮುಚ್ಚಿಕೊಂಡು. ಪುಟ್ಟಿಗೆ ನಗು ಬರಬೇಕಿತ್ತು, ಬಂದದ್ದು ಹುಳಿ ತೇಗು. ಆ ಗಾಡಿಯ ನೂರ ನಾಲ್ಕು ಬೆಸುಗೆಗಳಲ್ಲಿ ಒಂದೊಂದೂ ಅವಳದ್ದು. ಎಡಗೈ ಹೆಬ್ಬೆರಳಿನ ಸುಟ್ಟ ಕಲೆ ಅವತ್ತಿನದು. ನೀರಾದರೂ ಕುಡಿಯೋಣವೆಂದು ಅಂಗಡಿಯ ಪಕ್ಕದ ಓಣಿಯಿಂದ ಒಳಗೆ ಹೊರಟಳು.

ಓಣಿಯಲ್ಲಿ ಇಬ್ಬರು ಎದುರಾದರು. ಇಬ್ಬರದ್ದೂ ಚರ್ಮದ ಕೋಟು. ಒಬ್ಬನ ತೋಳಿನಲ್ಲಿ ಬಿಸ್ಕತ್ತಿನ ತಗಡಿನ ಡಬ್ಬಗಳು ಗೋಪುರವಾಗಿ ಏರಿದ್ದವು. ಇನ್ನೊಬ್ಬನ ಕಂಕುಳಲ್ಲಿ ನೋಟ್‌ಬುಕ್ಕುಗಳು. ಡಬ್ಬಗಳಲ್ಲಿ ಏನಿದೆ ಎಂಬುದನ್ನು ಅವಳು ಮುಚ್ಚಳದ ಬಣ್ಣದಿಂದಲೇ ಹೇಳಬಲ್ಲಳು. ಕೆಂಪು ಮುಚ್ಚಳದಲ್ಲಿ ಪಾಯಿಂಟುಗಳು, ನೀಲಿಯಲ್ಲಿ ಕಂಡೆನ್ಸರುಗಳು, ಮುಚ್ಚಳವಿಲ್ಲದ್ದರಲ್ಲಿ ಡೈನಮೋ ಬ್ರಷ್ಷುಗಳು. ಇವತ್ತು ಎಲ್ಲಿ ಹುಡುಕಿದರೂ ಸಿಗದ ಸಾಮಾನು.

"ಏನಿದು?"

"ಕಾರಿಗೆ ಹಾಕ್ತಾ ಇದೀವಮ್ಮ" ಅಂದ ಡಬ್ಬದವನು, ದಾರಿ ಬಿಡು ಎಂಬಂತೆ ಪಕ್ಕಕ್ಕೆ ಸರಿಯುತ್ತ.

ಹಿಂದೆಯೇ ಚಿಕ್ಕಪ್ಪ ಕರವಸ್ತ್ರ ಹಿಡಿದು ಓಡಿ ಬಂದ. "ನಾನೇ ಹೇಳ್ಬೇಕು ಅಂತಿದ್ದೆ ಪುಟ್ಟಿ. ಕ್ಲಬ್ಬಿನೋರು ಒಂದು ಮ್ಯೂಸಿಯಂ ಮಾಡ್ತಾರಂತೆ. ಅಣ್ಣನ ಫೋಟೋ ಇಷ್ಟು ದೊಡ್ಡದು ಹಾಕಿ, ಕೆಳಗೆ ಇದನ್ನೆಲ್ಲ ಗಾಜಿನೊಳಗೆ ಇಡ್ತಾರಂತೆ. ನಿನಗ್ಯಾಕೆ ಈ ಗುಜರಿ? ನೀನು ನಾಳೆ ನಮ್ಮನೇಗೆ ಬಂದುಬಿಡು. ಚಿಕ್ಕಮ್ಮಂಗೂ ಮಂಡಿನೋವು, ಜೊತೆಗೆ ಒಬ್ಬರು ಬೇಕು."

"ಹೆಣ ಇನ್ನೂ ರೋಡಲ್ಲಿದೆ ಚಿಕ್ಕಪ್ಪ."

"ಅದಕ್ಕೇ ಅಲ್ವೇ. ಆಮೇಲೆ ಅಂದ್ರೆ ಇವರಿಗೂ ಪುರುಸೊತ್ತು ಆಗಲ್ಲ."

ನೋಟ್‌ಬುಕ್ಕಿನವನು ಒಂದು ಪುಟ ತೆರೆದು ಮೂಗಿನ ಹತ್ತಿರ ಹಿಡಿದಿದ್ದ. "ಆಹಾ, ಏನು ಮುತ್ತಿನಂಥ ಅಕ್ಷರ ನಿಮ್ಮ ತಂದೇದು! ನೋಡಿ, ಎಷ್ಟು ನೀಟಾಗಿ ಬಣ್ಣ ಹಾಕಿದ್ದಾರೆ. ಈಗಿನೋರಿಗೆ ಬರುತ್ತಾ?"

ಪುಟ್ಟಿ ಅವನ ಹೆಬ್ಬೆರಳನ್ನು ನೋಡಿದಳು. ಹೂವಿನ ಚಕ್ರ ಹೊತ್ತು ತಂದಿದ್ದ ಬೆರಳು, ಹಳದಿ ಪರಾಗದ ಬೆವರು. ಅದು ಅವಳ ಹಸಿರು ಗೆರೆಯ ಮೇಲೆ ಒತ್ತಿಕೊಂಡಿತ್ತು. ಹಲ್ಲಿಯೊಂದು ಕಾಲಿನ ಮೇಲೆ ಬಿದ್ದಂತೆ ಅವಳ ಮೈಯೆಲ್ಲ ಮುದುಡಿತು.

*

ಹೋದ ತಿಂಗಳು ಅಧ್ಯಕ್ಷರು ಹಣ್ಣಿನ ಬುಟ್ಟಿ ಹಿಡಿದು ನೋಡಲು ಬಂದಿದ್ದರು. ಅಪ್ಪ ಆಗಲೇ ಹಾಸಿಗೆ ಹಿಡಿದು ಏಳು ವಾರ. ಕಾಲಿನ ಹುಣ್ಣು ಕೊಳೆತು ನಾರುತ್ತಿತ್ತು. ಪುಟ್ಟಿ ದಿನಕ್ಕೆ ಎರಡು ಸಲ ಮೂಗಿಗೆ ಬಟ್ಟೆ ಕಟ್ಟಿ ತೊಳೆಯುತ್ತಿದ್ದಳು, ಬಟ್ಟೆ ಬದಲಿಸುತ್ತಿದ್ದಳು, ಮಧ್ಯೆ ಮಧ್ಯೆ ಹಿಂದಿನ ಕೋಣೆಗೆ ಹೋಗಿ ಬೆಸುಗೆ ಹಾಕಿ ಬರುತ್ತಿದ್ದಳು. ಕೈಗೆ ಯಾವ ವಾಸನೆ ಎಲ್ಲಿಂದ ಬಂತೆಂಬುದೇ ಕೊನೆಕೊನೆಗೆ ತಿಳಿಯದಾಗಿತ್ತು.

ಹಿಂದಿನ ದಿನವಷ್ಟೇ ಅವಳು ಕೇಳಿದ್ದಳು. ಏಳು ವರ್ಷದಲ್ಲಿ ಅದೇ ಮೊದಲು, ಅದೇ ಕೊನೆ.

"ನಾನು ಮಾಡಿದ್ದು ಅಂತ ಒಂದು ಮಾತು ಅವರಿಗೆ ಹೇಳಬಾರದಾ ಅಪ್ಪ?"

ಅಪ್ಪ ಕಾಣದ ಕಣ್ಣನ್ನು ಸೂರಿಗೆ ನೆಟ್ಟು ಹೇಳಿದ್ದ: "ಹೇಳಿದ್ರೆ ಗಾಡಿ ಬಿಡ್ತಾರೇನೆ ಇಲ್ಲಿ? ಹೆಂಗಸು ಬೆಸುಗೆ ಹಾಕಿದ್ದು ಅಂದ್ರೆ ಅರ್ಧ ಜನ ಬಿಚ್ಚಿಸಿ ಮತ್ತೆ ಹಾಕಿಸ್ತಾರೆ. ನನ್ನ ಹೆಸರು ಇರೋವರೆಗೆ ನಿನಗೆ ಕೆಲಸ."

"ನೀನು ಹೋದ ಮೇಲೆ?"

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದ್ದ. "ನಾಳೆ ಅಧ್ಯಕ್ಷರು ಬರ್ತಾರೆ. ಹೇಳ್ತೀನಿ" ಅಂದಿದ್ದ.

ಮರುದಿನ ಅಧ್ಯಕ್ಷರು ಮಂಚದಿಂದ ಮಾರು ದೂರದಲ್ಲಿ ಕುರ್ಚಿ ಎಳೆದು ಕುಳಿತು, ಉಸಿರನ್ನು ಬಾಯಲ್ಲಿ ಬಿಡುತ್ತ, "ಗುರುಗಳೇ, ನಿಮ್ಮ ಕೈಗೆ ಚಿನ್ನದ ಬಳೆ ತೊಡಿಸಬೇಕು" ಅಂದರು. ಪುಟ್ಟಿ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಳು. ಅಪ್ಪನ ಬಾಯಿ ತೆರೆಯಿತು. ತುಟಿ ಅಲುಗಿತು. ಮುಖ ಅವಳಿದ್ದ ಕಡೆಗೇ ಹೊರಳಿತು.

"ಪುಟ್ಟಿ" ಅಂದ ಅಪ್ಪ, "ಅಧ್ಯಕ್ಷರಿಗೆ ಟೀ ತಾ."

ಅವಳು ಟೀ ತಂದಳು. ಆ ರಾತ್ರಿ ಹುಣ್ಣು ತೊಳೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಲಿಲ್ಲ. ಹೇಸಿಗೆ ಅವತ್ತು ಹುಣ್ಣಿನದ್ದಾಗಿರಲಿಲ್ಲ.

*

ಒಳಗೆ ಹೋದವಳು ನೀರು ಕುಡಿಯಲಿಲ್ಲ. ಬೆಂಚಿನ ಮೇಲೆ, ಡಬ್ಬಗಳನ್ನೆತ್ತಿಕೊಂಡ ಜಾಗಗಳು ಧೂಳಿನ ನಡುವೆ ಚೌಕ ಚೌಕವಾಗಿ ಕಾಣುತ್ತಿದ್ದವು. ವೈರು ಬೆಸೆದ ಬಲ್ಬು ಮಾತ್ರ ಮೊಳೆಗೆ ನೇತಾಡುತ್ತಿತ್ತು. ಅದಕ್ಕೆ ಗಾಜಿನ ಪೆಟ್ಟಿಗೆಯ ಯೋಗ್ಯತೆ ಇದೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ಅದನ್ನೂ ಒಂದು ಸ್ಪ್ಯಾನರನ್ನೂ ತೆಗೆದುಕೊಂಡು ಹೊರಗೆ ಬಂದಳು.

ಗಂಟೆ ಹನ್ನೊಂದಾಗುತ್ತಿತ್ತು. ಅಧ್ಯಕ್ಷರು ಗಾಡಿಯಿಂದಿಳಿದು ರುಮಾಲಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ಮೀಟರಿನವನು ಅದೇ ಎರಡು ಜಾಗಕ್ಕೆ ಹತ್ತನೆಯ ಸಲ ಚುಚ್ಚಿ ಅದೇ ಸಂಖ್ಯೆಯನ್ನು ಓದುತ್ತಿದ್ದ. ಪೆಟ್ಟಿಗೆಯ ತಲೆಯ ಭಾಗ ಬಿಸಿಲಿನಲ್ಲಿತ್ತು.

"ಸ್ವಲ್ಪ ಸರೀರಿ" ಅಂದಳು ಪುಟ್ಟಿ.

"ಅಮ್ಮ, ಸೀರೆಗೆ ಗ್ರೀಸ್ ಆಗುತ್ತೆ" ಎಂದರು ಅಧ್ಯಕ್ಷರು.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕುಕ್ಕರುಗಾಲಿನಲ್ಲಿ ಕುಳಿತಳು. ಬಲ್ಬಿನ ಎರಡೂ ವೈರುಗಳನ್ನು ಬ್ಯಾಟರಿಯ ಎರಡು ತುದಿಗೆ ಮುಟ್ಟಿಸಿದಳು. ಬಿಸಿಲಿನಲ್ಲೂ ಬಲ್ಬು ಹಳದಿಯಾಗಿ ಉರಿಯಿತು.

"ಬ್ಯಾಟರಿ ಸರಿ ಇದೆ."

"ಅದನ್ನೇ ಅಲ್ವಾ ನಾನೂ ಹೇಳಿದ್ದು" ಅಂದ ಮೀಟರಿನವನು.

ಒಂದು ವೈರನ್ನು ಬ್ಯಾಟರಿಯಲ್ಲೇ ಬಿಟ್ಟು ಇನ್ನೊಂದನ್ನು ಗಾಡಿಯ ಬರಿಯ ಕಬ್ಬಿಣಕ್ಕೆ ಒತ್ತಿದಳು. ಬಲ್ಬು ಹತ್ತಲಿಲ್ಲ. ಇನ್ನೊಂದು ಜಾಗ, ಇಂಜಿನ್ನು. ಹತ್ತಲಿಲ್ಲ.

"ಮೀಟರಲ್ಲಿ ಬರ್ತಾ ಇದೆಯಲ್ಲ!" ಅವನಿಗೆ ಅವಮಾನವಾದಂತಿತ್ತು.

"ಮೀಟರಿಗೆ ಇರುವೆಯಷ್ಟು ಕರೆಂಟು ಸಾಕು. ಬಲ್ಬಿಗೆ ಹೊಟ್ಟೆ ತುಂಬ ಬೇಕು, ಕಾಯಿಲಿಗೂ ಬೇಕು. ಬ್ಯಾಟರಿಗೂ ಗಾಡಿಯ ಮೈಗೂ ಸಂಬಂಧ ಕಡಿದುಹೋಗಿದೆ. ಅರ್ತಿಂಗ್ ಇಲ್ಲ."

ಸೀಟಿನ ಕೆಳಗೆ ಕೈ ತೂರಿಸಿದಳು. ಬ್ಯಾಟರಿಯಿಂದ ಬಂದ ದಪ್ಪ ಅರ್ತಿಂಗ್ ಪಟ್ಟಿ ಚಾಸಿಗೆ ಬೋಲ್ಟಾಗುವ ಜಾಗ ಅವಳಿಗೆ ಕಣ್ಣಿಲ್ಲದೆಯೂ ಗೊತ್ತು. ಬೆರಳಿಗೆ ನುಣ್ಣನೆಯ ಏನೋ ಸಿಕ್ಕಿತು. ಬಗ್ಗಿ ನೋಡಿದಳು. ಚಾಸಿಗೆಲ್ಲ ಹೊಸ ಕಪ್ಪು ಬಣ್ಣ, ಕನ್ನಡಿಯಂತೆ. ಆ ಬಣ್ಣದ ಮೇಲೆಯೇ ಪಟ್ಟಿಯನ್ನಿಟ್ಟು, ಹೊಳೆಯುವ ಚಪ್ಪಟೆ ವಾಷರ್ ಹಾಕಿ ಬಿಗಿದಿದ್ದರು. ಟ್ರೇಲರಿನ ಕುಲುಕಾಟಕ್ಕೆ ಬೋಲ್ಟು ಸಡಿಲಾಗಿ ಬೆರಳಿಗೇ ತಿರುಗುತ್ತಿತ್ತು.

"ಬಣ್ಣ ಯಾವಾಗ ಹೊಡೆಸಿದ್ರಿ?"

"ಹೋದ ವಾರ. ಪ್ರದರ್ಶನ ಇತ್ತಲ್ಲ" ಎಂದರು ಅಧ್ಯಕ್ಷರು. "ಮೊನ್ನೆ ಎರಡು ಸಲ ಸ್ಟಾರ್ಟ್ ಆಗಿತ್ತಮ್ಮ."

"ಬಣ್ಣದ ಮೇಲೆ ಅರ್ತಿಂಗ್ ಕೂರುತ್ತಾ? ನಾನು ಹಾಕಿದ್ದ, ಕಬ್ಬಿಣ ಕಚ್ಚಿ ಹಿಡಿಯೋ ಹಲ್ಲಿನ ವಾಷರ್ ಎಲ್ಲಿ?"

"ಅದು ಕರ್ರಗೆ ಅಸಹ್ಯವಾಗಿತ್ತು. ಕ್ರೋಮ್‌ದು ಹಾಕಿಸಿ…" ಅಧ್ಯಕ್ಷರು ಅಲ್ಲೇ ನಿಂತರು. "ನೀವು ಹಾಕಿದ್ದಾ?"

"ನಾನೇ. ಈ ಗಾಡಿಯ ವೈರಿಂಗೆಲ್ಲ ನಾನೇ ಮಾಡಿದ್ದು. ಅಪ್ಪನಿಗೆ ಏಳು ವರ್ಷದಿಂದ ಕಣ್ಣು ಕಾಣ್ತಿರಲಿಲ್ಲ."

ಎತ್ತಿದ್ದ ಫೋನುಗಳು ಒಂದೆರಡು ಕೆಳಗಿಳಿದವು. ಚಿಕ್ಕಪ್ಪ ಮುಂದೆ ಬಂದು ಎಲ್ಲರ ಕಡೆ ಕೈಮುಗಿಯುವಂತೆ ಮಾಡಿದ. "ತಪ್ಪು ತಿಳ್ಕೋಬೇಡಿ ಸಾರ್. ಅಪ್ಪ ಹೋದ ಸಂಕಟ. ರಾತ್ರಿಯಿಂದ ಒಂದು ತೊಟ್ಟು ನೀರಿಲ್ಲ. ಏನೇನೋ ಬಡಬಡಿಸ್ತಾಳೆ."

"ಹೌದು, ಪಾಪ" ಎಂದರು ಅಧ್ಯಕ್ಷರು ಮೃದುವಾಗಿ. "ಗುರುಗಳ ಪಕ್ಕದಲ್ಲೇ ಇದ್ದು ನೋಡಿ ನೋಡಿ ಸ್ವಲ್ಪ ಕಲ್ತಿದಾರೆ. ಆದ್ರೆ ವೈರಿಂಗ್ ಅಂದ್ರೆ…"

ಆಗ ಪಕ್ಕದ ಶೆಡ್ಡಿನ ವೆಲ್ಡರ್ ಗಂಟಲು ಸರಿಮಾಡಿಕೊಂಡ. ಇಪ್ಪತ್ತು ವರ್ಷ ಕರೆಂಟಣ್ಣನ ಗೋಡೆಗೆ ಗೋಡೆ ಹಚ್ಚಿ ಬದುಕಿದವನು, ಮಾತು ಕಡಿಮೆ. ಬೆಳಗಿನಿಂದ ತನ್ನ ಟೆಂಪೋದ ಮೂಗಿಗೆ ಒರಗಿ ನಿಂತಿದ್ದ.

"ಅಲ್ಲಾ ಸಾರ್, ನಿಮ್ಮೋರು ಕಾರಿಗೆ ಹಾಕ್ಕೊಂಡ್ರಲ್ಲ ಪುಸ್ತಕ, ಅದನ್ನ ಒಂಚೂರು ತೆಗೀರಿ. ಅದರಲ್ಲಿರೋ ಅಕ್ಷರ ನೋಡಿ." ಆಮೇಲೆ ಅಂಗಡಿಯ ಷಟರಿಗೆ ನೇತುಹಾಕಿದ್ದ ಕರಿ ಹಲಗೆಯ ಕಡೆ ಗದ್ದ ತೋರಿಸಿದ. "ಈಗ ಆ ಬೋರ್ಡ್ ನೋಡಿ."

ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ, ದುಂಡಗೆ, ಒಂದೊಂದು ಒತ್ತಕ್ಷರವೂ ಬಿಡಿಬಿಡಿಯಾಗಿ ಬರೆದಿತ್ತು: ಅಪ್ಪ ತೀರಿಕೊಂಡರು. ಇವತ್ತು ಅಂಗಡಿ ಇಲ್ಲ.

"ಇದನ್ನ ಬರೆದೋರು ಯಾರು ಸಾರ್? ಸತ್ತೋರೇ ಎದ್ದು ಬಂದು ಬರೆದ್ರಾ?"

ನೋಟ್‌ಬುಕ್ಕಿನವನು ಕಾರಿನ ಬಾಗಿಲು ತೆರೆದು ಒಂದು ಪುಟ ಬಿಡಿಸಿದ. ಹಲಗೆಯನ್ನು ನೋಡಿದ, ಪುಟವನ್ನು ನೋಡಿದ. ಪುಸ್ತಕವನ್ನು ಮೆಲ್ಲಗೆ ಮುಚ್ಚಿದ. ಪೆಟ್ಟಿಗೆಯ ಹೂವಿನ ಮೇಲೆ ನೊಣಗಳ ಸದ್ದು ಕೇಳಿಸಿತು.

ಪುಟ್ಟಿ ಬೋಲ್ಟು ಬಿಚ್ಚಿ ಕೈಯಲ್ಲಿ ಹಿಡಿದಿದ್ದಳು. ಸ್ಪ್ಯಾನರಿನ ಮೂಲೆಯಿಂದ ಒಂದು ಕಾಸಿನಗಲ ಬಣ್ಣ ಕೆರೆದರೆ ಮುಗಿಯಿತು, ಎರಡು ನಿಮಿಷದ ಕೆಲಸ. ಕೆರೆಯಲು ಶುರುವನ್ನೂ ಮಾಡಿದಳು. ಯಾರಾದರೂ ಒಬ್ಬರು ತಲೆ ತಗ್ಗಿಸಿದ್ದರೆ, ತಪ್ಪಾಯ್ತು ತಾಯಿ ಅಂದಿದ್ದರೆ, ಅಥವಾ ಬರಿದೇ ಸುಮ್ಮನಿದ್ದಿದ್ದರೂ ಸಾಕಿತ್ತು, ಅವಳು ಮುಗಿಸಿಬಿಡುತ್ತಿದ್ದಳು.

ಅಧ್ಯಕ್ಷರು ಸುಮ್ಮನಿರುವ ಪೈಕಿ ಅಲ್ಲ.

"ಅದ್ಭುತ!" ಎಂದು ಚಪ್ಪಾಳೆ ತಟ್ಟಿದರು. "ಲೋ, ಕ್ಯಾಮೆರಾ ಹತ್ತಿರ ತಗೊಂಡು ಬನ್ರೋ. ಮಗಳೇ ರಿಪೇರಿ ಮಾಡಿ ತಂದೇನ ಕಳಿಸಿಕೊಡ್ತಾ ಇದಾಳೆ! ಇಂಥದ್ದು ಎಲ್ಲಿ ಸಿಗುತ್ತೆ? ಅಮ್ಮ, ಇನ್ನೊಂದು ಸಲ ಆ ಬಲ್ಬ್ ಹಚ್ಚಿ ತೋರಿಸಿ. ಮುಖ ಸ್ವಲ್ಪ ಈ ಕಡೆ. ಕಣ್ಣಲ್ಲಿ ನೀರಿದ್ರೂ ಪರವಾಗಿಲ್ಲ."

ಮೂರು ಫೋನುಗಳು ಅವಳ ಮುಖದ ಹತ್ತಿರಕ್ಕೆ ಬಂದವು. ಒಂದರ ಗಾಜಿನಲ್ಲಿ ಅವಳಿಗೆ ತನ್ನದೇ ಬೆವೆತ ಮುಖವೂ ಹಿಂದಿನ ಪೆಟ್ಟಿಗೆಯೂ ಒಟ್ಟಿಗೆ ಕಂಡವು. ಯಾರದ್ದೋ ಬಾಯಿಯ ಏಲಕ್ಕಿ ವಾಸನೆ ಕೆನ್ನೆಗೆ ಬಡಿಯಿತು. ಎದ್ದು ನಿಂತು ಬೋಲ್ಟನ್ನೂ ಕ್ರೋಮ್ ವಾಷರನ್ನೂ ಅಧ್ಯಕ್ಷರ ಅಂಗೈಯಲ್ಲಿಟ್ಟಳು.

"ಪೆಟ್ಟಿಗೆ ಇಳಿಸಿ" ಅಂದಳು.

"ಏನಮ್ಮ?"

"ಪೆಟ್ಟಿಗೆ ಇಳಿಸಿ. ನನ್ನ ಡಬ್ಬ, ನನ್ನ ಪುಸ್ತಕ ಒಳಗಿಡಿಸಿ." ವೆಲ್ಡರ್ ಕಡೆ ತಿರುಗಿದಳು. "ಅಣ್ಣ, ಟೆಂಪೋ ಖಾಲಿ ಇದೆಯಾ?"

"ಗೇಟಿನ ಪೈಪು ನಾಲ್ಕಿವೆ ಅಕ್ಕ, ಇಳಿಸಿದೆ ಅನ್ನಿ" ಅಂದು ಅವನು ಆಗಲೇ ಹಿಂದಿನ ಬಾಗಿಲು ಕೆಡವಿದ್ದ.

"ಪುಟ್ಟಿ, ಹುಚ್ಚು ಹಿಡೀತಾ? ಕಬ್ಬಿಣ ಸಾಗಿಸೋ ಗಾಡೀಲಿ ಅಣ್ಣನ್ನ…" ಚಿಕ್ಕಪ್ಪನ ದನಿ ಕೀಚಲಾಯಿತು. "ಎರಡು ನಿಮಿಷದ ಕೆಲಸ ಅಂತ ನೀನೇ ತೋರಿಸಿದೆ. ಇಷ್ಟು ಜನದ ಎದುರು ಮಾನ ಕಳೀತಿಯಲ್ಲೇ."

"ಬರೋದಾದ್ರೆ ಮುಂದೆ ಕೂತ್ಕೋ ಚಿಕ್ಕಪ್ಪ. ಮುಕ್ಕಾಲು ಗಂಟೆಯಿಂದ ಅವನು ಬಿಸಿಲಲ್ಲಿದಾನೆ. ಗೊತ್ತಿದ್ದೂ ನಾನು ಸುಮ್ಮನೆ ನಿಂತಿದ್ದೆ. ಅದೊಂದು ನನ್ನ ಲೆಕ್ಕಕ್ಕಿರಲಿ."

ಬೆಲ್ಟು ಬಿಚ್ಚಿದ್ದು ವೆಲ್ಡರ್. ಪೆಟ್ಟಿಗೆಯ ಇನ್ನೊಂದು ತುದಿಗೆ ಕೈ ಕೊಟ್ಟವನು, ಯಾರೂ ಹೇಳದೆಯೇ, ಆ ಮೀಟರಿನವನು. ಮೀಟರನ್ನು ಜೇಬಿಗೆ ತುರುಕಿ, ಮುಖ ಮೇಲೆತ್ತದೆ ಎತ್ತಿದ. ಟೆಂಪೋ ಹೊರಟಾಗ ಅಧ್ಯಕ್ಷರು ಅಂಗೈಯಲ್ಲಿ ಬೋಲ್ಟು ಹಿಡಿದುಕೊಂಡೇ, ಅದನ್ನು ಎಲ್ಲಿ ಹಾಕಬೇಕೆಂದು ಬಗ್ಗಿ ಹುಡುಕುತ್ತಿದ್ದರು.

*

ತಿರುವುಗಳಲ್ಲಿ ಪೆಟ್ಟಿಗೆ ಜಾರುತ್ತಿತ್ತು. ಪುಟ್ಟಿ ಹಿಂದೆ ನೆಲದ ಮೇಲೆ ಕುಳಿತು ಪಾದವನ್ನು ಅದಕ್ಕೆ ಒತ್ತಿ ಹಿಡಿದಿದ್ದಳು. ಕಬ್ಬಿಣದ ಪುಡಿ ಸೀರೆಗೆಲ್ಲ ಮೆತ್ತಿತ್ತು. ಅಪ್ಪನ ಮೇಲಿನ ಸಿಟ್ಟು ಇಳಿಯಲಿಲ್ಲ. ಅಳುವೂ ಬರಲಿಲ್ಲ. ಟೆಂಪೋದ ಇಂಜಿನ್ನಿನಲ್ಲಿ ಒಂದು ಸಿಲಿಂಡರು ತಪ್ಪುತ್ತಿರುವುದು ಮಾತ್ರ ಕೇಳಿಸುತ್ತಿತ್ತು. ಅಪ್ಪನಾಗಿದ್ದರೆ ಯಾವ ಸಿಲಿಂಡರೆಂದು ಹೇಳುತ್ತಿದ್ದ. ಒಂದು ಫರ್ಲಾಂಗು ಹೋಗುವಷ್ಟರಲ್ಲಿ ಅವಳಿಗೂ ತಿಳಿಯಿತು. ಮೂರನೆಯದು.

ಹನ್ನೊಂದೂವರೆಗೆ ಐದು ನಿಮಿಷವಿರುವಾಗ ಸ್ಮಶಾನದ ಕಚೇರಿಯ ಕಿಟಕಿಯ ಮುಂದೆ ನಿಂತಳು. ಒಳಗೆ ಗುಮಾಸ್ತ ಕಾಗದದ ಪೊಟ್ಟಣ ಬಿಚ್ಚಿಟ್ಟುಕೊಂಡು ಕರಿದದ್ದೇನನ್ನೋ ತಿನ್ನುತ್ತಿದ್ದ. ಎಣ್ಣೆ ಅವನ ಮಣಿಕಟ್ಟಿನವರೆಗೂ ಇಳಿದಿತ್ತು. ಅಗಿಯುವುದನ್ನು ನಿಲ್ಲಿಸದೆ ದೊಡ್ಡ ರಿಜಿಸ್ಟರನ್ನು ಅವಳ ಕಡೆ ತಳ್ಳಿದ.

"ತುಂಬಿ. ಮೇಲಿನ ಸಾಲು ತೀರಿಕೊಂಡೋರದ್ದು, ಕೆಳಗಿನ ಸಾಲು ನಿಮ್ಮದು. ಏನನ್ನೂ ಖಾಲಿ ಬಿಡೋ ಹಾಗಿಲ್ಲ."

ಅಪ್ಪನ ವಯಸ್ಸು, ವಿಳಾಸ, ಕಾರಣ. ಉದ್ಯೋಗದ ಅಂಕಣಕ್ಕೆ ಬಂದಾಗ ಅವಳು ತಡವರಿಸಲಿಲ್ಲ. 'ಮೋಟಾರ್‌ಸೈಕಲ್ ವೈರಿಂಗ್' ಎಂದು ಬರೆದಳು. ಕೆಳಗಿನ ಸಾಲಿನಲ್ಲಿ ತನ್ನ ವಯಸ್ಸು, ವಿಳಾಸ, ಸಂಬಂಧ. ಉದ್ಯೋಗ: ಮೋಟಾರ್‌ಸೈಕಲ್ ವೈರಿಂಗ್.

ಗುಮಾಸ್ತ ರಿಜಿಸ್ಟರನ್ನು ತಿರುಗಿಸಿಕೊಂಡು ಓದಿದ. "ಎರಡೂ ಕಡೆ ಒಂದೇ ಬರೆದಿದ್ದೀರಲ್ಲ. ಇದು ನಿಮ್ಮದು" ಎಂದು ಕೆಳಗಿನ ಸಾಲಿನ ಮೇಲೆ ಹೆಬ್ಬೆರಳು ಒತ್ತಿದ. ಎಣ್ಣೆ ಹೀರಿದ ಕಾಗದ ಗಾಜಿನಂತಾಗಿ, ಅಕ್ಷರಗಳು ಹಿಂದಿನ ಪುಟದ ಶಾಯಿಯೊಂದಿಗೆ ಬೆರೆತುಹೋದವು. "ಸರಿಯಾಗಿ ಬರೀರಿ."

ಅವಳು ಪೆನ್ನು ತೆಗೆದುಕೊಂಡಳು. ಎಣ್ಣೆಯಾದ ಜಾಗದಲ್ಲಿ ಅದು ಜಾರಿತು, ಎಷ್ಟು ಒತ್ತಿದರೂ ಗೆರೆ ಮೂಡಲಿಲ್ಲ. ಸೆರಗಿನ ತುದಿಯಿಂದ ಒರೆಸಿದಳು. ಪೆನ್ನಿನ ಮೂತಿಯನ್ನು ಅಂಗೈಯಲ್ಲಿ ಉಜ್ಜಿ ಶಾಯಿ ಬರಿಸಿಕೊಂಡಳು. ಆಮೇಲೆ ಗೆರೆಯ ಆಚೆ, ಅಂಚಿನಲ್ಲಿ ಒಣಗಿದ್ದ ಬೆರಳಗಲದ ಜಾಗದಲ್ಲಿ, ಒಂದೊಂದೇ ಅಕ್ಷರವನ್ನು ಬಿಡಿಬಿಡಿಯಾಗಿ, ಮತ್ತೆ ಅದನ್ನೇ ಬರೆದಳು.